ಪದಚರ್ಚೆ: ‘ಸಂಪೊ’ಗೆ ಕನ್ನಡದಲ್ಲಿ ಏನೆನ್ನೋಣ? ಲೌಹಿಯನ್ನು ಮಾಟಗಾತಿ ಅನ್ನಬಹುದೇ?

ಬಳಗದವರಿಗೆಲ್ಲ ನಮಸ್ಕಾರ.

ಹಳೆಯ ಚಿತ್ರವೊಂದಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಚಿತ್ರದ ಹೆಸರು ‘ಸಂಪೊ’, 1959ರದು. ರಷ್ಯಾದ ಮೋಸ್‌ಫಿಲ್ಮ್ ಮತ್ತು ಫಿನ್‌ಲೆಂಡಿನ ಸುವೊಮಿ-ಫಿಲ್ಮಿ ಸೇರಿ ತೆಗೆದದ್ದು. ನಿರ್ದೇಶಕ ಅಲೆಕ್ಸಾಂದರ್ ಪ್ತುಷ್ಕೊ. ಕತೆ ಫಿನ್ನರ ‘ಕಲೆವಲ’ ಕಾವ್ಯದ್ದು. ಕಯಾನಿ ಎಂಬ ಊರಲ್ಲಿ ಸರ್ಕಾರಿ ವೈದ್ಯನಾಗಿದ್ದ ಎಲಿಯಾಸ್ ಲೊನ್‌ರೋತ್ ಕರೇಲಿಯಾದ ಹಳ್ಳಿಗಳನ್ನು ಸುತ್ತಿ, ಹಾಡುಗಾರರಿಂದ ಕೇಳಿ ಬರೆದುಕೊಂಡ ಪದಗಳನ್ನು ಹೆಣೆದು 1835ರಲ್ಲಿ ಒಮ್ಮೆ, ಹಿಗ್ಗಿಸಿ 1849ರಲ್ಲಿ ಮತ್ತೊಮ್ಮೆ ಅಚ್ಚು ಹಾಕಿಸಿದ. ಎರಡನೆಯದರಲ್ಲಿ 50 ಸಂಧಿ, 22,795 ಸಾಲು. ಅದರಲ್ಲಿ ಒಂದು ಎಳೆಯನ್ನಷ್ಟೇ ಚಿತ್ರದವರು ಹಿಡಿದುಕೊಂಡಿದ್ದಾರೆ.

ನೋಡದವರಿಗೆ ಕತೆ ಚುಟುಕಾಗಿ: ಉತ್ತರದ ಕತ್ತಲೆಯ ನಾಡು ಪೊಹ್ಯೊಲ. ಅಲ್ಲಿನ ಯಜಮಾನಿ ಲೌಹಿಗೆ ‘ಸಂಪೊ’ ಎಂಬ ವಸ್ತು ಬೇಕು. ಅದನ್ನು ಮಾಡಬಲ್ಲವನು ಕಮ್ಮಾರ ಇಲ್ಮರಿನೆನ್ ಒಬ್ಬನೇ. ಅವನನ್ನು ಬರಿಸಿಕೊಳ್ಳಲು ಅವನ ತಂಗಿ ಅನ್ನಿಕ್ಕಿಯನ್ನು ಲೌಹಿ ಹೊತ್ತೊಯ್ಯುತ್ತಾಳೆ. ಅನ್ನಿಕ್ಕಿಗೆ ಮನಸೋತ ಲೆಮ್ಮಿಂಕೈನೆನ್ ಅವನ ಜೊತೆ ಹೊರಡುತ್ತಾನೆ. ಸಂಪೊ ಆಗುತ್ತದೆ, ಅದಕ್ಕಾಗಿ ಜಗಳವಾಗುತ್ತದೆ, ಒಡೆದೂ ಹೋಗುತ್ತದೆ. ಸಿಟ್ಟಾದ ಲೌಹಿ ಸೂರ್ಯನನ್ನೇ ಕದ್ದು ಬೆಟ್ಟದೊಳಗೆ ಬಚ್ಚಿಡುತ್ತಾಳೆ. ಮುದುಕ ವೈನಮೊಯಿನೆನ್ ಮುಂದೆ ನಿಂತು ಜನರನ್ನು ಕೂಡಿಸಿ, ಹಾಡು ಮತ್ತು ತಂತಿವಾದ್ಯದ ಬಲದಿಂದ ಬೆಳಕನ್ನು ಮರಳಿ ತರುವಂತೆ ಮಾಡುತ್ತಾನೆ. ಬಣ್ಣ, ಮಂಜು, ಹಾವಿನ ಹೊಲ ಎಲ್ಲ ಇದೆ. ನಮ್ಮ ಹಳೆಯ ಪೌರಾಣಿಕ ಚಿತ್ರಗಳನ್ನು ನೋಡಿ ಬೆಳೆದವರಿಗೆ ಇಂಥ ಟ್ರಿಕ್ ಶಾಟುಗಳ ಮೇಲೆ ಒಂದು ಪ್ರೀತಿ ಇದ್ದೇ ಇರುತ್ತದೆ.

ನನ್ನ ಕೈಯಲ್ಲಿರುವುದು ಇಂಗ್ಲಿಷ್ ಸಬ್‌ಟೈಟಲ್ ಕಡತ. ಅದನ್ನೇ ಕನ್ನಡಕ್ಕೆ ಇಳಿಸಿದ್ದರೆ ಕೆಲಸ ಯಾವತ್ತೋ ಮುಗಿಯುತ್ತಿತ್ತು. ಪಕ್ಕದಲ್ಲಿ ಮೂಲ ಕಾವ್ಯದ ಪಠ್ಯ ಇಟ್ಟುಕೊಂಡಿದ್ದೇ ಫಜೀತಿಗೆ ಬಂತು.

ಮೊದಲು ಸಂಪೊ. ಕಾವ್ಯದ ಹತ್ತನೆಯ ಸಂಧಿಯಲ್ಲಿ ಅದು ಹುಟ್ಟುತ್ತದೆ. ಹಂಸದ ಗರಿಯ ತುದಿ, ಗೊಡ್ಡು ಹಸುವಿನ ಹಾಲು, ಒಂದೇ ಒಂದು ಜವೆಗೋದಿ ಕಾಳು, ಬೇಸಿಗೆ ಕುರಿಯ ಉಣ್ಣೆ. ಇಷ್ಟನ್ನು ಕುಲುಮೆಗೆ ಹಾಕಿ ಕಾಯಿಸಬೇಕು. ತಿದಿ ಒತ್ತಲು ನಿಂತ ಆಳುಗಳು ಸೋಮಾರಿಗಳು; ಕೊನೆಗೆ ಗಾಳಿಗಳೇ ಬಂದು ತಿದಿ ಒತ್ತುತ್ತವೆ. ಬೆಂಕಿಯಿಂದ ಮೊದಲು ಒಂದು ಬಿಲ್ಲು ಏಳುತ್ತದೆ, ನೋಡಲು ಚೆಂದ, ಆದರೆ ದಿನಕ್ಕೊಂದು ತಲೆ ಕೇಳುತ್ತದೆ. ಇಲ್ಮರಿನೆನ್ ಅದನ್ನು ಮುರಿದು ಮತ್ತೆ ಬೆಂಕಿಗೆ ಹಾಕುತ್ತಾನೆ. ಆಮೇಲೆ ದೋಣಿ, ಆಮೇಲೆ ಕಡಸು, ಆಮೇಲೆ ನೇಗಿಲು. ಒಂದೊಂದಕ್ಕೂ ಒಂದೊಂದು ಕೆಟ್ಟ ಬುದ್ಧಿ. ನೇಗಿಲು ಕಂಡವರ ಹೊಲವನ್ನೆಲ್ಲ ಉಳುತ್ತದಂತೆ! ಎಲ್ಲವನ್ನೂ ಒಡೆದು ಹಾಕಿದ ಮೇಲೆ ಬರುವುದು ಸಂಪೊ. ಒಂದು ಮಗ್ಗುಲಲ್ಲಿ ಹಿಟ್ಟು, ಇನ್ನೊಂದು ಮಗ್ಗುಲಲ್ಲಿ ಉಪ್ಪು, ಮೂರನೆಯದರಲ್ಲಿ ಹಣ ಬೀಸುವ ಕಲ್ಲು ಅದು. ಮೇಲೆ ಚಿತ್ತಾರದ ಮುಚ್ಚಳ. ಲೌಹಿ ಅದನ್ನು ಬೆಟ್ಟದೊಳಗಿಟ್ಟು ಒಂಬತ್ತು ಬೀಗ ಜಡಿಯುತ್ತಾಳೆ.

ಕನ್ನಡಕ್ಕೆ ತರುವಾಗ ಎಲ್ಲರ ಬಾಯಿಗೂ ಮೊದಲು ಬಂದದ್ದು ಅಕ್ಷಯಪಾತ್ರೆ. ಆಮೇಲೆ ಕಾಮಧೇನು, ಕಲ್ಪವೃಕ್ಷ. ಮೂರೂ ನನಗೆ ಒಪ್ಪಿಗೆಯಾಗಲಿಲ್ಲ. ಅಕ್ಷಯಪಾತ್ರೆ ಸೂರ್ಯ ಧರ್ಮರಾಯನಿಗೆ ಕೊಟ್ಟದ್ದು. ದ್ರೌಪದಿಯ ಊಟವಾದರೆ ಅವತ್ತಿಗೆ ಖಾಲಿ. ಕಲ್ಪವೃಕ್ಷ ಬೇಡಿದವರಿಗೆ ಕೊಡುತ್ತದೆ. ಸಂಪೊವನ್ನು ಯಾರೂ ಏನೂ ಬೇಡುವುದಿಲ್ಲ, ಅದು ತನ್ನಷ್ಟಕ್ಕೆ ಬೀಸುತ್ತಿರುತ್ತದೆ. ಕಾಮಧೇನುವಿಗೆ ಒಂದು ಹೋಲಿಕೆ ಉಂಟು, ಅದನ್ನೂ ಹೊತ್ತೊಯ್ಯಲು ಅರಸರು ಬರುತ್ತಾರೆ, ಜಮದಗ್ನಿಯ ಕತೆ ಗೊತ್ತೇ ಇದೆ. ಆದರೆ ಅದು ಕಡಲಲ್ಲಿ ಹುಟ್ಟಿದ ದೈವ. ಸಂಪೊ ಒಬ್ಬ ಕಮ್ಮಾರ ಬೆವರು ಸುರಿಸಿ ಮಾಡಿದ ಯಂತ್ರ. ಯಂತ್ರವಾದ್ದರಿಂದಲೇ ಅದು ಒಡೆಯಬಲ್ಲದು. ಒಡೆದ ಚೂರುಗಳು ದಡಕ್ಕೆ ಬಂದು ಬಿದ್ದಲ್ಲಿ ಬೆಳೆ ಚಿಗುರುತ್ತದೆ ಎಂಬುದು ಕಾವ್ಯದ ದೊಡ್ಡ ಮಾತು. ಕಾಮಧೇನು ಎಂದು ಬರೆದರೆ ಆ ‘ಒಡೆಯಿತು’ ಎಂಬ ಕ್ರಿಯಾಪದವನ್ನು ಎಲ್ಲಿ ಕೂರಿಸುವುದು? ಪುರಾಣದ ಪದ ಒಂದೇ ಬರುವುದಿಲ್ಲ, ತನ್ನ ಕತೆಯನ್ನೂ ಎಳೆದುಕೊಂಡು ಬರುತ್ತದೆ.

ಒಬ್ಬ ಗೆಳೆಯರು ‘ಸಿರಿಗಲ್ಲು’ ಎಂದು ಹೊಸದಾಗಿ ಕಟ್ಟಿಕೊಟ್ಟರು. ಚೆನ್ನಾಗಿದೆ. ರಾಗಿ ಕಲ್ಲನ್ನು ತಾಯಿ ಎಂದು ಕರೆದು, ಮನೆ ತುಂಬಿಸು ಎಂದು ಹಾಡುತ್ತ ಬೀಸಿದ ಹೆಂಗಸರ ನಾಡಿನಲ್ಲಿ ಸಿರಿಗಲ್ಲು ಪರಕೀಯ ಅನ್ನಿಸುವುದಿಲ್ಲ. ಆದರೂ ನಾನು ಅದನ್ನು ಬಿಟ್ಟೆ. ಸಂಪೊ ಎಂದರೆ ಖಚಿತವಾಗಿ ಏನು ಎಂಬುದು ಫಿನ್ನರಿಗೇ ಇತ್ಯರ್ಥವಾಗಿಲ್ಲ. ಬೀಸುವ ಕಲ್ಲು ಎಂದವರಿದ್ದಾರೆ, ನಿಧಿಯ ಪೆಟ್ಟಿಗೆ ಎಂದವರಿದ್ದಾರೆ, ಆಕಾಶವನ್ನು ಹೊತ್ತ ಕಂಬ ಎಂದವರಿದ್ದಾರೆ.

ಕಂಬದ ವಾದ ನಮ್ಮ ಬಳಗಕ್ಕೆ ರುಚಿಸಬಹುದು. ಫಿನ್ನಿಶ್‌ನಲ್ಲಿ ‘ಸಮ್ಮಸ್’ ಎಂದರೆ ಕಂಬ. ಅದು ಬಹಳ ಹಿಂದೆ ಇಂಡೋ-ಇರಾನಿಯನ್ ನುಡಿಯಿಂದ ಸಾಲ ಪಡೆದ ಪದ, ನಮ್ಮ ‘ಸ್ತಂಭ’ದ ನೆಂಟ ಎಂಬ ವಾದ ಉಂಟು. ಸಂಪೊ ಆ ಸಮ್ಮಸ್‌ಗೆ ಹತ್ತಿರದ್ದು, ಚಿತ್ತಾರದ ಮುಚ್ಚಳ ಎಂದರೆ ನಕ್ಷತ್ರ ತುಂಬಿದ ಆಕಾಶ ಎಂದು ಇ. ಎನ್. ಸೆತಾಲಾ ಎಂಬ ಭಾಷಾವಿದ್ವಾಂಸರು 1932ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ‘ಕಂಬ’ ಸ್ಕಂಭದಿಂದ ಪ್ರಾಕೃತದ ದಾರಿಯಲ್ಲಿ ಬಂದದ್ದು. ಲೋಕವನ್ನೆಲ್ಲ ಹೊತ್ತು ನಿಂತ ಸ್ಕಂಭವನ್ನು ಕುರಿತು ಅಥರ್ವವೇದದಲ್ಲಿ ಸೂಕ್ತವೇ ಇದೆ. ಹಾಗೆಂದು ಸಂಪೊವನ್ನು ‘ಕಂಬ’ ಎಂದು ಬರೆಯಲು ಬರುವುದಿಲ್ಲ, ಹಿಟ್ಟು ಬೀಸುವ ಕಂಬವನ್ನು ಯಾರು ನಂಬುತ್ತಾರೆ? ಇದೇ ದಾರಿಯಲ್ಲಿ ಹೋದ ಇನ್ನೆರಡು ಪದಗಳನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಫಿನ್ನರ ಸುತ್ತಿಗೆ ‘ವಸರ’ ನಮ್ಮ ವಜ್ರದ ಬಂಧು, ಅವರ ನೂರು ‘ಸತ’ ನಮ್ಮ ಶತದ ಬಂಧು. ಇಲ್ಮರಿನೆನ್ ಸುತ್ತಿಗೆ ಎತ್ತಿದಾಗಲೆಲ್ಲ ನನಗೆ ಹಳಗನ್ನಡದ ‘ಬಜ್ಜರ’ ನೆನಪಾಗುತ್ತಿತ್ತು.

ಹಾಗಾಗಿ ಸಂಪೊ ಸಂಪೊ ಆಗಿಯೇ ಇರಲಿ ಎಂಬುದು ನನ್ನ ಎಣಿಕೆ. ಫಿನ್‌ಲೆಂಡಿನಲ್ಲಿ ಮಂಜುಗಡ್ಡೆ ಒಡೆಯುವ ಹಡಗಿಗೂ ಆ ಹೆಸರು, ವಿಮಾ ಕಂಪನಿಗೂ ಆ ಹೆಸರು. ಅರ್ಥ ತಿಳಿಯದಿದ್ದರೂ ಸಿರಿ ಎಂಬ ಭಾವನೆ ಅವರಿಗೆ ಮುಟ್ಟುತ್ತದೆ. ನಮಗೂ ಸಂಪತ್ತು, ಸೊಂಪು ಎರಡೂ ಪಕ್ಕದಲ್ಲೇ ಕೇಳಿಸುತ್ತವೆ, ಆಕಸ್ಮಿಕವಾದರೂ ಒಳ್ಳೆಯದೇ. ತೊಡಕು ಇರುವುದು ವಾಕ್ಯದೊಳಗೆ ಕೂರಿಸಿದಾಗ. ‘ಸಂಪೊ ಒಡೆಯಿತು’ ಎಂದು ಓದಿದ ಬೆಂಗಳೂರಿನವರು ಮನೆ ಮುಂದಿನ ನೀರಿನ ಸಂಪು ಒಡೆಯಿತು ಅಂದುಕೊಳ್ಳುತ್ತಾರೆ. ಧಾರವಾಡದ ಕಡೆಯ ಹಿರಿಯರಿಗೆ ಸಂಪು ಎಂದರೆ ಮುಷ್ಕರ. ‘ಸಂಪೋ’ ಎಂದು ದೀರ್ಘ ಮಾಡಿದರೆ ಈ ಗೊಂದಲ ಕಡಿಮೆಯಾಗುತ್ತದೆ, ಆದರೆ ಮೂಲದ ಉಚ್ಚಾರಕ್ಕೆ ದ್ರೋಹ. ನಿಮ್ಮ ಮತ ಯಾವುದು?

ಉಚ್ಚಾರದ ಮಾತು ಬಂದದ್ದರಿಂದ ಹೆಸರುಗಳನ್ನು ಇಲ್ಲೇ ಮುಗಿಸುತ್ತೇನೆ. ಫಿನ್ನಿಶ್‌ಗೆ ನಮ್ಮ ಲಿಪಿ ಹೇಳಿ ಮಾಡಿಸಿದ ಹಾಗಿದೆ. ಹ್ರಸ್ವ ಎ, ಒ ನಮಗೆ ಬೇರೆಯೇ ಅಕ್ಷರ. ಹಿಂದಿಯವರು ಅದಕ್ಕೆ ತಿಣುಕಬೇಕು. ‘ತುಲಿ’ ಎಂದರೆ ಬೆಂಕಿ, ‘ತೂಲಿ’ ಎಂದರೆ ಗಾಳಿ; ‘ಮುತ’ ಎಂದರೆ ಕೆಸರು, ‘ಮುತ್ತ’ ಎಂದರೆ ‘ಆದರೆ’. ಬಳಿ, ಬಾಳಿ, ಬಳ್ಳಿ ಬೇರೆ ಮಾಡಿ ಕೇಳುವ ಕಿವಿಗೆ ಇದೇನು ಕಷ್ಟ. ಕಷ್ಟ ಕೊಡುವುದು ಎರಡು ಚುಕ್ಕಿ ಹೊತ್ತ ‘ಅ’, ‘ಒ’ಗಳು (ä, ö). ಮೊದಲನೆಯದು ಹೆಚ್ಚುಕಡಿಮೆ ಹುಬ್ಬಳ್ಳಿಯವರ ‘ಮ್ಯಾಲೆ’, ‘ಬ್ಯಾಡ’ದಲ್ಲಿರುವ ಸ್ವರ, ಎರಡನೆಯದು ನಮ್ಮಲ್ಲಿ ಇಲ್ಲ. ಎರಡನ್ನೂ ಪಾಲಿಸಹೋದರೆ ವೈನಮೊಯಿನೆನ್ ‘ವ್ಯಾಯ್‌ನ್ಯಾಮೊಯ್‌ನೆನ್’ ಆಗುತ್ತಾನೆ, ಪರದೆ ಮೇಲೆ ಎರಡು ಸೆಕೆಂಡಿನಲ್ಲಿ ಯಾರೂ ಓದಲಾರರು. ಅದಕ್ಕೇ ಸುಲಭ ಮಾಡಿದ್ದೇನೆ. ‘ಅನ್ನಿಕ್ಕಿ’ಯನ್ನು ಮನೆಯಲ್ಲಿ ಓದಿ ಹೇಳಿದಾಗ ‘ಯಾರಿಗೆ ಅನ್ನ ಇಕ್ಕಿದಳು?’ ಎಂದು ಕೇಳಿದರು. ಅದನ್ನು ಬದಲಾಯಿಸುವ ಆಸೆ ನನಗಿಲ್ಲ, ಹುಡುಗಿಗೆ ಒಳ್ಳೆಯ ಹೆಸರೇ.

ಇನ್ನು ಲೌಹಿ. ನನ್ನ ಮುಖ್ಯ ತಕರಾರು ಇಲ್ಲಿದೆ.

ಇಂಗ್ಲಿಷ್ ಕಡತದಲ್ಲಿ ಅವಳು ನೇರವಾಗಿ ಮಾಟಗಾತಿ. 1964ರಲ್ಲಿ ಅಮೆರಿಕದವರು ಈ ಚಿತ್ರವನ್ನು ಒಂದು ಗಂಟೆಯ ಚಿಲ್ಲರೆಗೆ ಕತ್ತರಿಸಿ, ಡಬ್ ಮಾಡಿ ಬಿಟ್ಟಿದ್ದರು. ಇಂಗ್ಲಿಷ್ ಬಲ್ಲ ಲೋಕ ಈ ಚಿತ್ರವನ್ನು ಹೆಚ್ಚಾಗಿ ನೋಡಿದ್ದು ಆ ರೂಪದಲ್ಲೇ. ಕಾವ್ಯದಲ್ಲಿ ಅವಳ ಬಿರುದು ‘ಪೊಹ್ಯೊಲನ್ ಎಮಂತ’. ಎಮಂತ ಎಂದರೆ ಮನೆ, ಹೊಲ, ಆಳುಕಾಳು ಎಲ್ಲವನ್ನೂ ನಡೆಸುವ ಹೆಂಗಸು. ಇವತ್ತಿಗೂ ಫಿನ್‌ಲೆಂಡಿನಲ್ಲಿ ರೈತರ ಮನೆಯ ಯಜಮಾನಿ ಎಮಂತವೇ. ಪೊಹ್ಯೊಲದಲ್ಲಿ ಗಂಡನೂ ಇದ್ದಾನೆ, ಅವನಿಗೆ ಕಾವ್ಯ ಒಂದು ಹೆಸರನ್ನೂ ಕೊಡುವುದಿಲ್ಲ. ಏಳನೆಯ ಸಂಧಿಯಲ್ಲಿ ಕಡಲಪಾಲಾಗಿ ಬಂದು ಅಳುತ್ತ ಬಿದ್ದಿದ್ದ ವೈನಮೊಯಿನೆನ್‌ನನ್ನು ದೋಣಿಯಲ್ಲಿ ಕರೆತಂದು, ಸೌನಾದಲ್ಲಿ ಮೀಯಿಸಿ, ಉಣಿಸಿ ಬದುಕಿಸುವವಳು ಲೌಹಿ. ಆಮೇಲೆ ವ್ಯವಹಾರಕ್ಕೆ ಕೂರುತ್ತಾಳೆ: ಊರಿಗೆ ಕಳಿಸಿದರೆ ಏನು ಕೊಡುತ್ತೀಯ, ಸಂಪೊ ಮಾಡಿಕೊಡುತ್ತೀಯಾ? ಮಗಳ ಮದುವೆಯ ಊಟಕ್ಕೆ ಎತ್ತು ಕಡಿಸುವುದು, ಬಿಯರು ಕಾಯಿಸುವುದು ಎಲ್ಲ ಅವಳ ಮೇಲುಸ್ತುವಾರಿ. ಇವಳನ್ನು ಮಾಟಗಾತಿ ಎಂದರೆ ಮನೆ ಮಾಯವಾಗಿ ಪೊರಕೆ ಮಾತ್ರ ಉಳಿಯುತ್ತದೆ.

ಚಿತ್ರದಲ್ಲಿ ಅವಳು ಖಳಿಯೇ, ಒಪ್ಪುತ್ತೇನೆ. ಆದರೆ ಚಿತ್ರದಲ್ಲೂ ಅವಳು ಒಂದು ನಾಡನ್ನು ಆಳುವವಳು, ಆಳುಗಳಿಗೆ ಕೆಲಸ ಹಚ್ಚುವವಳು. ರಾಣಿ ಎನ್ನಲು ಸಿಂಹಾಸನ, ಕಿರೀಟದ ಕತೆ ಇದಲ್ಲ. ‘ಒಡತಿ’ ಸರಿಯಾದ ಪದ, ಆದರೆ ಪುಸ್ತಕದ ವಾಸನೆ. ‘ಯಜಮಾನ್ತಿ’ ನಾಲಗೆಗೆ ಹತ್ತಿರ, ಎಮಂತಕ್ಕೆ ಪ್ರಾಸವೂ ಆಗುತ್ತದೆ, ಆದರೆ ಗಂಡನಿಂದ ಬಂದ ಅಧಿಕಾರ ಅದರಲ್ಲಿ ಎದ್ದು ಕಾಣುತ್ತದೆ. ‘ಗೌಡ್ತಿ’ ಎಂದರೆ ಊರು ಬಹಳ ಚಿಕ್ಕದಾಯಿತು. ನನ್ನ ಓಟು ‘ಹೆಗ್ಗಡತಿ’ಗೆ. ಪೊಹ್ಯೊಲದ ಹೆಗ್ಗಡತಿ. ಮನೆತನ, ಕಣಜದ ಬೀಗದ ಕೈ, ಬಂದವರನ್ನು ಜಗಲಿಯಲ್ಲಿ ಕೂರಿಸಿ ಅಳೆಯುವ ಕಣ್ಣು, ಎಲ್ಲ ಆ ಪದದೊಳಗಿವೆ. ಹೆಗ್ಗಡತಿ ಎಂದ ಕೂಡಲೇ ಮಲೆನಾಡಿನ ದೊಡ್ಡ ಕಾದಂಬರಿ ನೆನಪಾಗುತ್ತದೆ ಎಂಬ ಆಕ್ಷೇಪ ಬರುತ್ತದೆಂದು ಗೊತ್ತು. ನೆನಪಾಗಲಿ, ಅಲ್ಲಿಯೂ ದೊಡ್ಡ ಮನೆಯ ಕತೆಯೇ ತಾನೇ.

ಇನ್ನೊಂದು ಸಂಗತಿ ಓದಿ ನಗು ಬಂತು. ಕಾವ್ಯದಲ್ಲಿ ಲೌಹಿಗೆ ಮತ್ತೊಂದು ಬಿರುದು ‘ಪೊಹ್ಯನ್ ಅಕ್ಕ, ಹರ್ವಹಮ್ಮಸ್’. ಬಡಗಣ ನಾಡಿನ ಸಂದುಹಲ್ಲಿನ ಮುದುಕಿ ಎಂದು ಅರ್ಥ. ಹೌದು, ಫಿನ್ನಿಶ್‌ನಲ್ಲಿ ಮುದುಕಿಗೆ ‘ಅಕ್ಕ’. ನಂಟಿಲ್ಲದ, ಬರೀ ಸದ್ದಿನ ಹೋಲಿಕೆ ಇದು. (1856ರಲ್ಲಿ ಭಾಷಾವಿದ್ವಾಂಸ ಕಾಲ್ಡ್‌ವೆಲ್ ದ್ರಾವಿಡ ನುಡಿಗಳಿಗೂ ಫಿನ್ನಿಶ್ ಸೇರಿದ ಗುಂಪಿಗೂ ನಂಟು ಕಟ್ಟಲು ನೋಡಿದ್ದು ಬೇರೆ ವಿಷಯ, ದಯವಿಟ್ಟು ಆ ಚರ್ಚೆಯನ್ನು ಇಲ್ಲಿ ಎತ್ತಬೇಡಿ, ನನ್ನ ಕಡತ ಮುಗಿಯುವುದಿಲ್ಲ.) ಈಗಿನ ಫಿನ್ನಿಶ್‌ನಲ್ಲಿ ಅಕ್ಕ ಎಂದರೆ ಬೈಗುಳಕ್ಕೆ ಹತ್ತಿರ. ನಮ್ಮ ಅಕ್ಕನಿಗೆ ಅಂಥ ಗತಿ ಬರದಿರಲಿ.

‘ಮಾಟ’ ಎಂಬ ಪದದ ಬಗ್ಗೆಯೂ ಒಂದು ಮಾತು. ಅದು ಮಾಡು ಎಂಬುದರಿಂದಲೇ ಬಂದದ್ದು. ಮಾಟವಾದ ಮೂಗು ಎಂದಾಗ ನಾವು ಮೆಚ್ಚುವುದು ಕೆಲಸದ ಅಂದವನ್ನು. ಆ ಲೆಕ್ಕದಲ್ಲಿ ಮಾಟಗಾರ ಎಂಬ ಬಿರುದು ಸಲ್ಲಬೇಕಾದದ್ದು ಕಮ್ಮಾರನಿಗೆ! ಬಳಕೆಯಲ್ಲಿ ಅದು ಕೆಟ್ಟು ಹೋಗಿ ನಿಂಬೆಹಣ್ಣು, ಕುಂಕುಮದ ಮಟ್ಟಕ್ಕೆ ಇಳಿದಿದೆ, ಈಗ ಮೇಲೆತ್ತಲಾಗದು.

ಇದರ ಜೊತೆಗೇ ಬರುವುದು ವೈನಮೊಯಿನೆನ್‌ನ ಬಿರುದು, ‘ತಿಯೆತಾಯ’. ತಿಳಿ ಎಂಬ ಅರ್ಥದ ಧಾತುವಿನಿಂದ ಆದದ್ದು, ನೇರವಾಗಿ ‘ಬಲ್ಲವನು’. ಇಂಗ್ಲಿಷ್ ಕಡತ ಅವನನ್ನು ಜ್ಞಾನಿ ಎನ್ನುತ್ತದೆ, ಅವಳನ್ನು ಮಾಟಗಾತಿ ಎನ್ನುತ್ತದೆ. ಕಾವ್ಯದಲ್ಲಿ ಇಬ್ಬರದೂ ಒಂದೇ ವಿದ್ಯೆ. ಆ ಲೋಕದಲ್ಲಿ ಶಕ್ತಿ ಎಂದರೆ ವಸ್ತುವಿನ ‘ಸುಂತು’, ಅಂದರೆ ಹುಟ್ಟು, ಗೊತ್ತಿರುವುದು. ವೈನಮೊಯಿನೆನ್ ದೋಣಿ ಕೆತ್ತುವಾಗ ಕೊಡಲಿ ಜಾರಿ ಮೊಣಕಾಲು ಸೀಳಿ ನೆತ್ತರು ನಿಲ್ಲುವುದಿಲ್ಲ. ಕಬ್ಬಿಣ ಹುಟ್ಟಿದ ಕತೆ ಅವನಿಗೆ ಪೂರ್ತಿ ನೆನಪಿಗೆ ಬರದೆ ನೆತ್ತರು ಹರಿಯುತ್ತಲೇ ಇರುತ್ತದೆ. ಆ ಕತೆ ಹೀಗೆ: ಮೂವರು ಕನ್ಯೆಯರು ಮೋಡದಂಚಿನಿಂದ ಹಾಲು ಚೆಲ್ಲಿದರು. ಕಪ್ಪು ಹಾಲು ಬಿದ್ದಲ್ಲಿ ಮೆತ್ತನೆ ಕಬ್ಬಿಣ, ಬಿಳಿ ಹಾಲು ಬಿದ್ದಲ್ಲಿ ಉಕ್ಕು, ಕೆಂಪು ಹಾಲು ಬಿದ್ದಲ್ಲಿ ಪೆಡಸು ಕಬ್ಬಿಣ ಆಯಿತು. ಇದನ್ನು ಕಬ್ಬಿಣಕ್ಕೇ ಹೇಳಿ, ನಿನ್ನ ಹುಟ್ಟು ನನಗೆ ಗೊತ್ತು, ನಿನ್ನ ಸೊಕ್ಕು ಸಾಕು ಎಂದು ಗದರಿಸಿದಾಗ ಗಾಯ ಮಾಯುತ್ತದೆ.

‘ಋಷಿ’ ಎಂದು ಬರೆಯೋಣವೆಂದರೆ ಜಡೆ, ಕಮಂಡಲ ಬರುತ್ತವೆ. ಇವನು ಮುದಿ ವಯಸ್ಸಿನಲ್ಲಿ ಹೆಣ್ಣು ಕೇಳಲು ಹೋಗುವ ಆಸಾಮಿ, ಹಾಗೆ ನೋಡಿದರೆ ನಮ್ಮ ಋಷಿಗಳೂ ಆ ವಿಷಯದಲ್ಲಿ ಹಿಂದೆ ಬಿದ್ದವರಲ್ಲ ಅನ್ನಿ. ‘ಮಂತ್ರವಾದಿ’ ಎಂದರೆ ಕೇರಳದ ಕಡೆ ಮುಖ ತಿರುಗುತ್ತದೆ. ನಮ್ಮೂರ ಕಡೆ ಹಾವು ಕಚ್ಚಿದರೆ, ಮಗು ಬೆಚ್ಚಿದರೆ ‘ಬಲ್ಲೋರಿಗೆ ತೋರ್ಸಿ’ ಎನ್ನುತ್ತಿದ್ದರು. ಮಂತ್ರ, ಮದ್ದು, ಮಾತು ಮೂರೂ ಗೊತ್ತಿರುವವರು ಬಲ್ಲೋರು, ಗಂಡು ಹೆಣ್ಣು ಭೇದವಿಲ್ಲ. ‘ಬಲ್ಲವರು’ ಎಂಬುದನ್ನೇ ಇಬ್ಬರಿಗೂ ಬಳಸಿದರೆ ಹೇಗೆ? ‘ಅವನೂ ಬಲ್ಲವನು, ಅವಳೂ ಬಲ್ಲವಳು.’ ಜಗಳ ಸಮಬಲರ ನಡುವಿನದು ಎಂಬುದು ಆಗ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ.

‘ಹುಟ್ಟು ಹೇಳುವುದು’ ಎಂಬುದಕ್ಕೆ ತುಳುನಾಡಿನವರಲ್ಲಿ ಇನ್ನೂ ಒಳ್ಳೆಯ ಪದ ಇದೆಯೇ? ಕೋಲದಲ್ಲಿ ದೈವದ ಹುಟ್ಟಿನ ಕತೆ ಹೇಳಿಯೇ ಮುಂದುವರಿಯುವ ಕ್ರಮ ಇದೆಯಲ್ಲ, ಅದಕ್ಕಾಗಿ ಕೇಳುತ್ತಿದ್ದೇನೆ. ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ದಾಖಲಿಸಿ 1998ರಲ್ಲಿ ಹೆಲ್ಸಿಂಕಿಯಿಂದ ಹೊರತಂದದ್ದು ಇಲ್ಲಿ ಹಲವರಿಗೆ ಗೊತ್ತು. ಕಲೆವಲದ ನಾಡಿನವರು ಉಜಿರೆಯ ಕಡೆ ಬಂದು ಕೂತು ಕೇಳಿದ ಕೆಲಸ ಅದು. ಅಲ್ಲಿನ ಪರಿಭಾಷೆಯಲ್ಲಿ ನಮಗೆ ಒದಗುವ ಪದ ಸಿಕ್ಕರೆ ನನಗೆ ಹೊಸದಾಗಿ ಕಟ್ಟುವ ಗೋಜಿಲ್ಲ.

ಚಿಕ್ಕಪುಟ್ಟವು ಎರಡು. ಸಂಪೊವನ್ನು ಇಲ್ಮರಿನೆನ್ ಏನು ಮಾಡುತ್ತಾನೆ? ‘ನಿರ್ಮಿಸಿದ’ ಎಂದರೆ ಸೇತುವೆ ಕಟ್ಟಿದ ಹಾಗೆ. ‘ಎರಕ ಹೊಯ್ದ’ ತಪ್ಪು, ಅಚ್ಚಿಗೆ ಸುರಿದದ್ದಲ್ಲ, ಅಡಿಗಲ್ಲಿನ ಮೇಲೆ ಬಡಿದು ಮಾಡಿದ್ದು. ‘ತಟ್ಟಿದ’ ಬಳಸಿದ್ದೇನೆ, ಕುಡುಗೋಲು ಹಣಿಸುವುದು ಎಂಬ ಬಳಕೆ ನೆನಪಿರುವವರು ‘ಹಣಿದ’ ಇಲ್ಲಿ ಸಲ್ಲುತ್ತದೋ ಹೇಳಿ. ಎರಡನೆಯದು ವೈನಮೊಯಿನೆನ್‌ನ ತಂತಿವಾದ್ಯ. ಒಂದೇ ಮರದ ತುಂಡಿನಿಂದ ಕೊರೆದು, ಹಳೆಯ ಕಾಲದಲ್ಲಿ ಐದು ತಂತಿ ಬಿಗಿದು, ತೊಡೆಯ ಮೇಲಿಟ್ಟು ಮೀಟುವಂಥದ್ದು. ವೀಣೆ ಎನ್ನಲು ಕಾಯಿಯಿಲ್ಲ, ಮೆಟ್ಟಿಲಿಲ್ಲ. ಸ್ವರಮಂಡಲಕ್ಕೆ ಹತ್ತಿರ, ಆದರೆ ಸ್ವರಮಂಡಲ ಎಂದು ಬರೆದರೆ ಮುಂದಿನ ದೃಶ್ಯದಲ್ಲಿ ಖಯಾಲ್ ಹಾಡುವವರು ಬರಬೇಕು. ಹೆಸರನ್ನೇ ಇಡೋಣವೆಂದರೆ ‘ಕಂತೆಲೆ’: ಅಂತೆ ಕಂತೆಯ ನೆನಪು. ‘ಕಾಂತೆಲೆ’ ಎಂದು ಎಳೆದರೆ ಕಾಂತೆ ಬಂದು ಕೂರುತ್ತಾಳೆ. ಮೊದಲನೆಯ ಸಲ ‘ಕಂತೆಲೆ ವಾದ್ಯ’ ಎಂದು ಬರೆದು ಆಮೇಲೆ ಬರೀ ಕಂತೆಲೆ ಎಂದಿದ್ದೇನೆ. ಕೇಳಿದ ಮೇಲೆ ಕಿವಿಗೆ ಒಗ್ಗುತ್ತದೆ ಎಂಬ ಧೈರ್ಯ.

ಕೊನೆಯದು ನನಗೆ ತೀರಾ ಬಗೆಹರಿಯದ್ದು. ಮಗ ಬಾರದಿದ್ದಾಗ ಲೆಮ್ಮಿಂಕೈನೆನ್‌ನ ತಾಯಿ ಹುಡುಕುತ್ತ ಹೊರಡುತ್ತಾಳೆ. ಕಾವ್ಯದಲ್ಲಿ ಮರವನ್ನು ಕೇಳುತ್ತಾಳೆ, ದಾರಿಯನ್ನು ಕೇಳುತ್ತಾಳೆ, ಚಂದ್ರನನ್ನು, ಸೂರ್ಯನನ್ನು ಕೇಳುತ್ತಾಳೆ. ಮರ, ನನ್ನನ್ನು ಕಡಿದು ಸುಡುತ್ತಾರೆ, ನನ್ನ ಚಿಂತೆ ನನಗೆ ಎನ್ನುತ್ತದೆ. ದಾರಿ, ನಾಯಿ ಕುದುರೆಗಳೆಲ್ಲ ನನ್ನ ಮೇಲೆ ಓಡುತ್ತವೆ, ನಿನ್ನ ಮಗನನ್ನು ಯಾರು ನೋಡಿದರು ಎನ್ನುತ್ತದೆ. ಸೂರ್ಯ ಮಾತ್ರ ನಿಜ ಹೇಳುತ್ತಾನೆ. ಈ ಹುಡುಕಾಟ ಚಿತ್ರದಲ್ಲೂ ಇದೆ. ಫಿನ್ನಿಶ್‌ನಲ್ಲಿ ಅವನು, ಅವಳು ಎರಡಕ್ಕೂ ಒಂದೇ ಸರ್ವನಾಮ, ‘ಹ್ಯಾನ್’. ನಮಗೆ ಅಷ್ಟು ಸಲೀಸಲ್ಲ. ಸೂರ್ಯ ‘ಅವನು’, ದಾರಿ ‘ಅದು’. ಮಗನನ್ನು ಕಳೆದುಕೊಂಡ ಮುದುಕಿ ದಾರಿಯನ್ನು ಏನೆಂದು ಕರೆದಾಳು? ‘ಓ ದಾರಿಯೇ’ ಶಾಲೆಯ ಪದ್ಯದಂತಿದೆ. ನನ್ನ ಕರಡಿನಲ್ಲಿ ‘ಹಾದೀಯವ್ವಾ, ನನ್ನ ಮಗ ಈ ಕಡೆ ಹೋದನೇನೇ?’ ಎಂದಿದೆ. ಮರಕ್ಕೆ ‘ಮರದಪ್ಪಾ’ ಎಂದಿದ್ದೇನೆ, ಆದರೆ ಚಿತ್ರದ 'ಬರ್ಚ್' ಮರ ಬಿಳಿ ತೊಗಟೆಯ, ಬಳುಕುವ ಮರ, ಅದಕ್ಕೆ ‘ಅಪ್ಪಾ’ ಎನ್ನಲು ನಾಲಗೆ ಹೊರಳುತ್ತಿಲ್ಲ. ನಿಮ್ಮ ಕಡೆಯ ಹಾಡು, ಕತೆಗಳಲ್ಲಿ ಹೆಂಗಸರು ಮರವನ್ನೂ ದಾರಿಯನ್ನೂ ಕರೆಯುವ ರೀತಿ ಯಾರಿಗಾದರೂ ನೆನಪಿದ್ದರೆ, ಯಾವ ಊರಿನದು ಎಂಬುದನ್ನೂ ಸೇರಿಸಿ ಬರೆಯಿರಿ.